ಬೇಸಿಗೆಯಲ್ಲಿ ಅಳೆದ ದಾರಿ

ಫಕೀರಸಾಬರು ಮೂವತ್ನಾಲ್ಕು ವರ್ಷ ನೆಲ ಅಳೆದರು. ರೋಣ, ನರಗುಂದ, ಗಜೇಂದ್ರಗಡದ ಸುತ್ತಿನ ಎರೆ ಹೊಲಗಳಲ್ಲಿ ಅವರು ತುಳಿಯದ ಬದು ಇಲ್ಲ. ತಾವು ನಿಂತು ನೆಡಿಸಿದ ಪ್ರತಿಯೊಂದು ಬಾಂದುಗಲ್ಲಿನ ಕೆಳಗೂ ಅವರು ಒಂದು ಹಿಡಿ ಇದ್ದಿಲು ಹಾಕುತ್ತಿದ್ದರು. ಕಲ್ಲನ್ನು ಯಾರಾದರೂ ಕಿತ್ತು ಆಚೆ ಸರಿಸಬಹುದು. ಇದ್ದಿಲು ಸರಿಯುವುದಿಲ್ಲ, ಕೊಳೆಯುವುದಿಲ್ಲ. ನೂರು ವರ್ಷದ ಮೇಲೆ ತಕರಾರು ಬಂದು ಯಾರೋ ಅಗೆದು ನೋಡಿದರೆ, ಗಡಿ ಇಲ್ಲಿಯೇ ಇತ್ತು ಎಂದು ಕಪ್ಪಗೆ ಸಾಕ್ಷಿ ಹೇಳುತ್ತದೆ. ಹಳೆಯ ಮೋಜಣಿದಾರರೊಬ್ಬರು ಕಲಿಸಿದ ಈ ಪದ್ಧತಿಯನ್ನು ಇಲಾಖೆ ಮರೆತ ಮೇಲೂ ಅವರು ಬಿಡಲಿಲ್ಲ. ಬದುವಿನ ಜಗಳ ಬಂದಾಗ ಜನ ಈಗಲೂ ಅನ್ನುತ್ತಾರೆ: “ಫಕೀರಸಾಬ ಅಳದಾನಿಲ್ಲೋ? ಹಂಗಾರ ಮುಗೀತು ಬಿಡು.”

ಎಪ್ಪತ್ನಾಲ್ಕರ ವಯಸ್ಸಿನಲ್ಲಿ ಅವರ ಹತ್ತಿರ ಉಳಿದ ಆಸ್ತಿ ಆ ಒಂದು ಮಾತು.

ಆ ಮಾತಿಗೆ ಧಕ್ಕೆ ತರುವ ಕೆಲಸ ಕೇಳಿಕೊಂಡು ಆಷಾಢದ ಒಂದು ಬೆಳಿಗ್ಗೆ ಶಿವನಪ್ಪ ರೋಣದ ಅವರ ಮನೆಗೆ ಬಂದ. ಶಿವನಪ್ಪ ಮಲಪ್ರಭೆಯ ದಂಡೆಯ ಹೊಳೆಮುತ್ತಲದವನು, ಹಿಂದೊಮ್ಮೆ ಪಂಚಾಯತಿ ಸದಸ್ಯನಾಗಿದ್ದವನು. ದೊಡ್ಡ ನೆರೆಯಲ್ಲಿ ಊರು ಮುಳುಗಿದ ಮರುವರ್ಷ ಇಡೀ ಹೊಳೆಮುತ್ತಲವನ್ನು ಹಳ್ಳದ ಈಚೆಗಿನ ಎತ್ತರದ ನೆಲಕ್ಕೆ ಸಾಗಿಸಿದ್ದರು. ಆ ಹೊಸ ಊರಿನ ನಕಾಶೆ ತೆಗೆದವರು ಫಕೀರಸಾಬರು. ಹದಿನಾಲ್ಕು ವರ್ಷದ ಹಿಂದಿನ ಅದೇ ಅವರ ನೌಕರಿಯ ಕೊನೆಯ ನಕಾಶೆ. ಶಾಲೆ, ಗುಡಿ, ಮಸೀದಿ, ನೀರಿನ ಟಾಕಿ, ಮನೆಗಳ ಸಾಲು, ಎಲ್ಲಕ್ಕೂ ಅದರಲ್ಲಿ ಜಾಗ ಇತ್ತು. ಹೂಳುವ ನೆಲಕ್ಕೆ ಇರಲಿಲ್ಲ. ಅದರ ಬದಲಿಗೆ ಅವರ ದುಂಡು ಅಕ್ಷರದಲ್ಲಿ ಒಂದು ಸಾಲು ಇತ್ತು: ‘ಹಳೆಯ ಊರಿನ ಸ್ಮಶಾನ, ಕಬ್ರಸ್ತಾನ ಬಳಕೆಯಲ್ಲಿವೆ. ಹಳ್ಳದ ಮೂಲಕ ವರ್ಷವಿಡೀ ದಾರಿ ಇದೆ.’

“ಕಚೇರಿಯವ್ರು ನಿಮ್ಮ ನಕಾಶೀನ ತೋರಸ್ತಾರ್ರೀ ಸಾಹೇಬ್ರ,” ಶಿವನಪ್ಪ ಕಟ್ಟೆಯ ಮೇಲೆ ಕೂತು ಹೇಳಿದ. “ದಾರಿ ಐತಿ ಅಂತ ಬರದಾರ, ಮತ್ತ್ಯಾಕ ಬೇರೆ ಜಾಗಾ ಅಂತಾರ. ಊರ ಬಾಜೂಕ ಸರಕಾರಿ ನೆಲ ಖಾಲಿ ಬಿದ್ದೈತಿ. ಇಪ್ಪತ್ತ ಗುಂಟಿ ಸಾಕ ನಮಗ. ಆ ದಾರಿ ಮಳಿಗಾಲದಾಗ ಇರೂದಿಲ್ಲ ಅಂತ ನೀವು ಎರಡ ಸಾಲ ಬರಕೊಡ್ರಿ. ಬಂದ ನೋಡ್ತೀವಿ ಅಂದಾರ.”

“ನಾ ಬರದದ್ದು ಖರೇನ ಇತ್ತಲ್ಲೋ ಆವತ್ತ.”

“ಖರೇನ ಇತ್ರಿ. ಏಪ್ರಿಲ್ ತಿಂಗಳಾಗ ಹಳ್ಳದಾಗ ನಾವ್ ಚಿನ್ನಿದಾಂಡು ಆಡ್ತಿದ್ವಿ.”

ಶಿವನಪ್ಪ ಚಹಾ ಕುಡಿದು, ಬಟ್ಟಲು ಕೆಳಗಿಟ್ಟು, ಏಳುವ ಮುನ್ನ ಹೇಳಬೇಕೋ ಬೇಡವೋ ಎಂದು ತಡೆದು ಹೇಳಿದ: “ಕಾಶೀಂಬಕ್ಕ ಹಾಸಿಗಿ ಹಿಡದಾಳ, ಊಟ ಬಿಟ್ಟು ನಾಲ್ಕ ದಿನಾ ಆತ್ರಿ.”

ಕಾಶೀಂಬಿ ಫಕೀರಸಾಬರ ಅಕ್ಕ. ಹೊಳೆಮುತ್ತಲಕ್ಕೆ ಸೊಸೆಯಾಗಿ ಹೋದವಳು, ಈಗ ಮಗಳು ಜಬೀನಳ ಜೊತೆ ಹೊಸ ಊರಿನಲ್ಲಿ ಇರುವವಳು. ಐದು ವರ್ಷದ ಹಿಂದಿನ ಮಳೆಗಾಲದಲ್ಲಿ ಅವಳ ಗಂಡ ತೀರಿಕೊಂಡಾಗ ಹಳ್ಳ ಎದೆಮಟ್ಟ ಹರಿಯುತ್ತಿತ್ತು. ಆರು ಜನ ಜನಾಜದ ಚಟ್ಟವನ್ನು ತಲೆಯ ಮೇಲೆ ಎತ್ತಿ ಹಿಡಿದು ನೀರಿಗೆ ಇಳಿದಿದ್ದರು. ನಡುವಿನಲ್ಲಿ ಒಬ್ಬನ ಕಾಲು ಜಾರಿ ಕಫನಿನ ಬಟ್ಟೆಯ ಒಂದು ತುದಿ ನೀರು ಕುಡಿದಿತ್ತು. ದಂಡೆಯಲ್ಲಿ ನಿಂತು ಅದನ್ನು ನೋಡಿದವಳು ಅಂದಿನಿಂದ ಒಂದೇ ಮಾತು ಹೇಳುತ್ತ ಬಂದಿದ್ದಾಳೆ: “ನನ್ನ ಆ ನೀರಾಗ ಒಯ್ಯಬ್ಯಾಡ್ರಿ. ನಮ್ಮೂರ ಮಣ್ಣು ಬೇಕು, ಒಣಾ ಮಣ್ಣು ಬೇಕು.”

“ನೋಡೋಣು,” ಎಂದರು ಫಕೀರಸಾಬರು.

ಅವರ ‘ನೋಡೋಣು’ ಹದಿಮೂರು ದಿನ ಎಳೆಯಿತು.

ಆ ದಿನಗಳಲ್ಲಿ ಅವರು ಮಾಡಿದ್ದು ಮೊಮ್ಮಗಳ ಜೊತೆ ಕಾರ್ಡು ಆಡಿದ್ದು. ಸಾನಿಯಾ ಅವರ ಮಗಳು ಕಮರುನ್ನಿಸಾಳ ಮಗಳು, ರೋಣದ ಕಾಲೇಜಿನಲ್ಲಿ ಬಿ.ಕಾಂ. ಕೊನೆಯ ವರ್ಷ. ಅವಳ ಆಟ ಇಸ್ಪೀಟಲ್ಲ. ಚಿತ್ರ ತುಂಬಿದ ಇಂಗ್ಲಿಷ್ ಕಾರ್ಡುಗಳು, ಕೂಡಿಸಿ ಇಟ್ಟುಕೊಳ್ಳುವ ಜಾತಿಯವು. ಸಾವಿರಾರು ಕಾರ್ಡುಗಳಲ್ಲಿ ತನಗೆ ಬೇಕಾದ ಅರವತ್ತನ್ನು ಆರಿಸಿ ಒಂದು ಕಟ್ಟು ಮಾಡಿಕೊಂಡು, ಇನ್ನೊಬ್ಬರ ಕಟ್ಟಿನ ಎದುರು ಆಡಬೇಕು. ಸಾನಿಯಾಳ ಬಳಿ ಅಸಲು ಕಾರ್ಡು ಅರ್ಧ. ಉಳಿದರ್ಧ ಗಜೇಂದ್ರಗಡದ ಬಸ್‌ಸ್ಟ್ಯಾಂಡಿನ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ತೆಗೆಸಿ, ಕತ್ತರಿಸಿ, ಪ್ಲಾಸ್ಟಿಕ್ ಕವರಿನಲ್ಲಿ ತೂರಿಸಿದ್ದು. ಜೊತೆಗೆ ಆಡುತ್ತಿದ್ದ ಗೆಳತಿ ಮದುವೆಯಾಗಿ ನರಗುಂದಕ್ಕೆ ಹೋಗಿದ್ದಳು. ತಿಂಗಳ ಕೊನೆಯ ಭಾನುವಾರ ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಸ್ಪರ್ಧೆ ಇತ್ತು. ಅಭ್ಯಾಸಕ್ಕೆ ಎದುರಾಳಿ ಬೇಕಿತ್ತು.

“ನಾನಾ, ನೀ ನೆಲದ ಮನಷ್ಯಾ. ನನಗ ನೆಲದ್ದ ತ್ರಾಸ ಐತಿ,” ಎಂದು ಅವಳು ಅಜ್ಜನ ಮುಂದೆ ಚಾಪೆಯ ಮೇಲೆ ಇಪ್ಪತ್ನಾಲ್ಕು ಕಾರ್ಡು ಹರವಿದಳು.

ಆ ಆಟದಲ್ಲಿ ನೆಲವೂ ಒಂದು ಕಾರ್ಡು. ಪ್ರತಿ ಸರದಿಗೆ ಒಂದು ನೆಲವನ್ನು ಮುಂದಿಡಬೇಕು. ನೆಲ ಕಸುವು ಕೊಡುತ್ತದೆ, ಆ ಕಸುವಿನಿಂದ ಕೈಯಲ್ಲಿರುವ ಸಿಪಾಯಿಗಳನ್ನು, ಮೃಗಗಳನ್ನು ಕಣಕ್ಕೆ ಇಳಿಸಬೇಕು. ಕೆಂಪು ನೆಲದಿಂದ ಕೆಂಪು ಕಸುವು, ಕಪ್ಪು ನೆಲದಿಂದ ಕಪ್ಪು.

“ಇದು ಮಸಾರಿ, ಇದು ಎರಿ,” ಎಂದು ಫಕೀರಸಾಬರು ಕೆಂಪನ್ನೂ ಕಪ್ಪನ್ನೂ ಬೇರೆ ಬೇರೆ ಸಾಲು ಮಾಡಿದರು. ನಾಲ್ಕು ಕಾರ್ಡು ಎರಡೂ ಸಾಲಿಗೆ ಸೇರಲಿಲ್ಲ. ಒಂದರಲ್ಲಿ ಮುರುಕು ಬುರುಜು, ಒಂದರಲ್ಲಿ ಬಾವಿ, ಒಂದರಲ್ಲಿ ಸೇತುವೆ, ನಾಲ್ಕನೆಯದರಲ್ಲಿ ಮಂಜಿನೊಳಗೆ ವಾಲಿದ ಗೋರಿಗಲ್ಲುಗಳು.

“ಇವು ಬಣ್ಣ ಕೊಡೂದಿಲ್ಲ ನಾನಾ. ಬರೇ ಸಪ್ಪನ ಕಸುವು ಕೊಡ್ತಾವು. ಆದ್ರ ಒಂದೊಂದೂ ಬ್ಯಾರೆ ಒಂದ ಕೆಲಸಾ ಮಾಡ್ತಾವು.”

“ಖರಾಬು,” ಎಂದರು ಅವರು, ಸಂತೋಷದಿಂದ. “ಇವಕ್ಕ ನಮ್ಮಲ್ಲಿ ಖರಾಬು ಅಂತಾರ.”

“ಖರಾಬ್ ಏನೂ ಅಲ್ಲ! ಆ ಬುರುಜಿನ ಕಾರ್ಡಿಗೆ ಜನಾ ಜೀವಾ ಬಿಡ್ತಾರ.”

ಅವರು ನಕ್ಕರು. ಖರಾಬು ಅಂದರೆ ಕೆಟ್ಟದ್ದಲ್ಲ, ಬೆಳೆಯ ಲೆಕ್ಕಕ್ಕೆ ಬಾರದ್ದು ಎಂದು ವಿವರಿಸಿದರು. ಬಂಡಿದಾರಿ, ಬಾವಿ, ಹಳ್ಳ, ಕಣ, ಕೆರೆ. ಕಾಳು ಬೆಳೆಯದ ನೆಲವೆಂದು ಅದಕ್ಕೆ ಕಂದಾಯ ಹಾಕುವುದಿಲ್ಲ. ಆದರೆ ಅದಿಲ್ಲದೆ ಊರು ಊರಾಗುವುದಿಲ್ಲ. ಹಾಗೆಂದು ಊರ ತುಂಬ ದಾರಿಯನ್ನೇ ಬಿಟ್ಟರೆ ಬಿತ್ತುವುದೆಲ್ಲಿ?

“ಅದ ನನ್ನ ಪ್ರಶ್ನಿ!” ಸಾನಿಯಾ ಚಾಪೆ ತಟ್ಟಿದಳು. “ಹೆಚ್ಚ ಹಾಕಿದ್ರ ಬಣ್ಣ ಸಿಗದ ಕೈಯಾಗಿನ ಸಿಪಾಯಿಗೋಳು ಕೈಯಾಗ ಉಳೀತಾರ. ಕಡಿಮಿ ಹಾಕಿದ್ರ ಕಡೀಕ ಆಟ ನಿಂತಾಗ ಏನೂ ಇರೂದಿಲ್ಲ. ಎಷ್ಟ ಇಡಲಿ, ಯಾವ್ದ ಇಡಲಿ?”

ಹಳೆಯ ಕಾಲದಲ್ಲಿ ಮಣ್ಣಿಗೆ ಹದಿನಾರು ಆಣೆಯ ಲೆಕ್ಕದಲ್ಲಿ ದರ್ಜೆ ಕಟ್ಟುತ್ತಿದ್ದರು. ಫಕೀರಸಾಬರು ಕನ್ನಡಕ ಏರಿಸಿ, ಕಾರ್ಡಿನ ಮೇಲೆ ಬರೆದದ್ದನ್ನು ಅವಳಿಂದ ಓದಿಸಿ ಕೇಳಿ, ಒಂದೊಂದಕ್ಕೂ ಆಣೆ ಕಟ್ಟಿದರು. ಬಾವಿಯ ಕಾರ್ಡು ಹೊಸ ಕಾರ್ಡು ಎತ್ತಲು ಬಿಡುತ್ತದೆ: ಹನ್ನೆರಡಾಣೆ. ಬುರುಜು ತಾನೇ ಎದ್ದು ಕಾದಾಡುತ್ತದೆ: ಹದಿನಾಲ್ಕು. ಸೇತುವೆ ಹತ್ತು. ಗೋರಿಯ ಕಾರ್ಡಿಗೆ ತಡೆದರು.

“ಇದೇನ ಮಾಡ್ತೈತಿ?”

“ಇದನ್ನ ಇಟ್ಟ ಸರದ್ಯಾಗ ಬಳಸಾಕ ಬರೂದಿಲ್ಲ, ಅಡ್ಡ ಮಲಗಿಸಿ ಇಡಬೇಕು. ಆಮ್ಯಾಲ ಐದ ಕಸುವು ಸುರದ್ರ, ಸತ್ತ ಒಂದ ಕಾರ್ಡನ್ನ ಗೋರಿಯಿಂದ ಕೈಗೆ ತರ್ತೈತಿ.”

“ಭಾಳ ತುಟ್ಟಿ ಆತು. ಆರಾಣೆ.”

“ಹಂಗ ಬಾಯಿಲೆ ಹೇಳಿದ್ರ ನಡ್ಯಂಗಿಲ್ಲ ನಾನಾ. ಆಡಿ ನೋಡಬೇಕು.”

ಅವಳು ಮೂರು ಬಟ್ಟಲು ತಂದಳು, ಒಂದರಲ್ಲಿ ಹುಣಸೆಬೀಜ, ಒಂದರಲ್ಲಿ ಜೋಳ, ಮೂರನೆಯದು ಖಾಲಿ. ಆಟದಲ್ಲಿ ಗೋರಿಯ ಕಾರ್ಡು ಕೈಗೆ ಬಂದಾಗಲೆಲ್ಲ ತನ್ನನ್ನೇ ಕೇಳಿಕೊಳ್ಳುವುದು: ಇದರ ಬದಲು ಸಾದಾ ನೆಲ ಇದ್ದರೆ ಚಲೋ ಆಗುತ್ತಿತ್ತೇ? ಹೌದಾದರೆ ಖಾಲಿ ಬಟ್ಟಲಿಗೆ ಹುಣಸೆಬೀಜ. ಇದೇ ಚಲೋ ಆಯಿತು ಅಂದರೆ ಜೋಳದ ಕಾಳು. ಇಪ್ಪತ್ತು ಆಟ ಆಡಿ ಎಣಿಸುವುದು.

ಹೊರಗೆ ಜಿಟಿಜಿಟಿ ಮಳೆ. ಪಡಸಾಲೆಯಲ್ಲಿ ದಿನಕ್ಕೆ ಒಂದು ಆಟ, ಒಮ್ಮೊಮ್ಮೆ ಎರಡು. ಫಕೀರಸಾಬರಿಗೆ ಆಟ ಪೂರ್ತಿ ಹತ್ತಲಿಲ್ಲ. ಸಿಪಾಯಿಗಳನ್ನು ಕಳಿಸುವುದು ಮರೆತು ನೆಲವನ್ನೇ ಚಂದವಾಗಿ ಸಾಲು ಹಚ್ಚುತ್ತಿದ್ದರು. “ನಾನಾ, ನೀ ಲೇಔಟ್ ಮಾಡಾಕತ್ತಿಯೇನ, ಆಡಾಕತ್ತಿಯೇನ?” ಎಂದು ಅವಳು ಕಾಡುತ್ತಿದ್ದಳು. ನಡುವೆ ಎರಡು ಸಲ ಶಿವನಪ್ಪನ ಫೋನು ಬಂತು. ಒಮ್ಮೆ ಎತ್ತಿ ‘ನೋಡೋಣು’ ಎಂದರು. ಇನ್ನೊಮ್ಮೆ ಎತ್ತಲಿಲ್ಲ. ಮೇಲಿನ ಅಣೆಕಟ್ಟು ತುಂಬುತ್ತಿದೆಯೆಂದು ಪೇಪರಿನಲ್ಲಿ ಬಂತು. ಅವರು ಆ ಪುಟವನ್ನು ಮಡಿಚಿ ಚಾಪೆಯ ಕೆಳಗಿಟ್ಟರು.

ತಪ್ಪು ಬರೆದೆನೆಂದು ಬರೆದು ಕೊಡುವುದು ಅವರಿಗೆ ಎರಡು ಸಾಲಿನ ಕೆಲಸವಾಗಿರಲಿಲ್ಲ. ಒಂದು ಕಲ್ಲು ಅಲುಗಾಡಿದರೆ ಉಳಿದ ಸಾವಿರ ಕಲ್ಲುಗಳ ಬುಡಕ್ಕೂ ಜನ ಕೈ ಹಾಕುತ್ತಾರೆ ಎಂಬ ಅಂಜಿಕೆ. ತನ್ನ ಇದ್ದಿಲನ್ನೇ ತಾನು ಅಗೆದು ತೆಗೆದಂತೆ.

ಹದಿಮೂರನೆಯ ದಿನ ಸಂಜೆ ಇಪ್ಪತ್ತನೆಯ ಆಟ ಮುಗಿಯಿತು. ಸಾನಿಯಾ ಗೆದ್ದಳು, ಎಂದಿನಂತೆ. ಮೂರನೆಯ ಬಟ್ಟಲು ಬೋರಲು ಹಾಕಿ ಎಣಿಸಿದಳು. ಗೋರಿಯ ಕಾರ್ಡು ಕೈಗೆ ಬಂದದ್ದು ಏಳು ಸಲ. ಹುಣಸೆಬೀಜ ಏಳು. ಜೋಳದ ಕಾಳು ಒಂದೂ ಇಲ್ಲ.

“ಮುಗೀತು. ತಗದ್ ಒಗೀತೀನಿ ಇದನ್ನ. ಒಂದ ಮಸಾರಿ ಹಾಕ್ತೀನಿ,” ಎಂದು ಅವಳು ಕಾರ್ಡನ್ನು ಕಟ್ಟಿನಿಂದ ಎಳೆದಳು.

“ತಡಿ,” ಎಂದರು ಫಕೀರಸಾಬರು. ಅವರು ಆ ಏಳು ಬೀಜಗಳನ್ನೇ ನೋಡುತ್ತಿದ್ದರು. “ಈ ಇಪ್ಪತ್ತ ಆಟದಾಗ ನಿನ್ನ ಸಿಪಾಯಿಗೋಳು ಎಷ್ಟ ಸಲ ಪೂರಾ ಸತ್ತಾರ?”

“ಒಮ್ಮೆನೂ ಇಲ್ಲ. ನೀ ಎಲ್ಲಿ ಕೊಲ್ತೀ ನಾನಾ, ನೀ ಭಾಳ ಚಲೋ ಮನಷ್ಯಾ.”

“ಹುಬ್ಬಳ್ಳ್ಯಾಗ?”

ಸಾನಿಯಾ ಕೈ ನಿಲ್ಲಿಸಿದಳು. “ಅಲ್ಲಿ ಮೂರನೇ ಸರದಿಗೆ ಎಲ್ಲಾ ಸಾಯ್ತಾರ.”

“ಹಂಗಾರ ಇದು ಎಂಥಾ ಅಳತಿ?” ಅವರ ದನಿ ಸಣ್ಣದಾಯಿತು. “ನೀ ನನ್ನ ಜೊತಿ ಆಡಿ ಎಣಿಸೀದಿ. ನಾ ಅಂದ್ರ ಬ್ಯಾಸಗಿ ಹಳ್ಳ. ಯಾರರೆ ದಾಟ್ತಾರ. ನೀರ ಬಂದಾಗ ಏನ ಬೇಕಂತ ನನ್ನ ಕಡಿಂದ ಹ್ಯಾಂಗ ತಿಳೀತೈತಿ?”

“ಹಂಗಂದ್ರ ಇಡ್ಲೋ, ತಗೀಲೋ?”

ಅವರು ಕೇಳಿಸಿಕೊಳ್ಳಲಿಲ್ಲ. ಎದ್ದು ಒಳಕೋಣೆಗೆ ಹೋಗಿ ಟ್ರಂಕು ತೆರೆದರು. ನಕಾಶೆಯ ಹಳೆಯ ಪ್ರತಿ, ಅಂದಿನ ದಿನಚರಿ, ಎರಡೂ ಇದ್ದವು. ಏಪ್ರಿಲ್ ಹತ್ತೊಂಬತ್ತು. ‘ಹಳ್ಳ ಪರಿಶೀಲಿಸಿದೆ. ಒಣಗಿದೆ. ಎತ್ತಿನ ಬಂಡಿ ದಾಟುತ್ತಿರುವುದನ್ನು ಕಣ್ಣಾರೆ ಕಂಡೆ.’ ಆ ಬಂಡಿಯ ಎತ್ತುಗಳ ಕೋಡಿಗೆ ಹಚ್ಚಿದ ಬಣ್ಣ ಕೂಡ ಅವರಿಗೆ ನೆನಪಿತ್ತು. ಊರವರನ್ನು ಒಂದು ಮಾತು ಕೇಳಬಹುದಿತ್ತು. ಕೇಳಿರಲಿಲ್ಲ. ಕಣ್ಣಾರೆ ಕಂಡವನು ಯಾರನ್ನು ಕೇಳಬೇಕು ಎಂಬ ಜಂಬ ಅದು.

ಅಂದು ದೀಪ ಹಚ್ಚುವ ಹೊತ್ತಿಗೆ ಅವರು ಬರೆದು ಮುಗಿಸಿ ಸಹಿ ಹಾಕಿದರು.

ಮರುದಿನ ಶನಿವಾರ. ಪತ್ರವನ್ನು ಅಂಗಿಯ ಒಳಕಿಸೆಯಲ್ಲಿಟ್ಟುಕೊಂಡು ಮೊದಲ ಬಸ್ಸಿಗೆ ಹೊಳೆಆಲೂರಿಗೆ ಹೋಗಿ, ಅಲ್ಲಿಂದ ಟಂಟಂ ಹಿಡಿದು ಹೊಳೆಮುತ್ತಲ ಮುಟ್ಟಿದರು. ಜಬೀನಳ ಮನೆಯಲ್ಲಿ ಕಾಶೀಂಬಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಅವಳ ಕಾಲಬುಡದಲ್ಲಿ ಶಿವನಪ್ಪನ ತಾಯಿ ಮುದುಕವ್ವ ಕೂತು ಎಲೆಅಡಿಕೆ ಕುಟ್ಟುತ್ತಿದ್ದಳು. ಇಬ್ಬರೂ ಐವತ್ತು ವರ್ಷದ ನೆರೆಯವರು, ಹಳೆಯ ಊರಲ್ಲೂ ಹೊಸ ಊರಲ್ಲೂ.

“ಬಂದಾನ ನೋಡ ನಿನ್ನ ತಮ್ಮ,” ಎಂದಳು ಮುದುಕವ್ವ. “ಅಳತಿ ಸರಪಳಿ ತಂದಿಯೇನೋ ಫಕೀರಾ? ನಮ್ಮಿಬ್ಬರನ್ನೂ ಅಳಕೊಂಡ ಹೋಗು. ನಾ ಉದ್ದ ಅದೀನಿ, ನನಗ ಒಂದ ಗೇಣ ಹೆಚ್ಚ ಹಿಡಿ.”

ಕಾಶೀಂಬಿ ಕಷ್ಟಪಟ್ಟು ಇತ್ತ ಹೊರಳಿದಳು. ಫಕೀರಸಾಬರು ಅವಳ ಕೈ ಹಿಡಿದರು. ಸೋರೆಬಳ್ಳಿಯ ಒಣಗಿದ ಕುಡಿಯಂಥ ಕೈ.

“ಆಪಾ, ಬರದೀನಿ.”

“ಓದು.”

ಅವರು ಓದಿದರು. ‘ನಾನು ಹಳ್ಳವನ್ನು ನೋಡಿದ್ದು ಬೇಸಿಗೆಯಲ್ಲಿ. ಮಳೆಗಾಲದಲ್ಲಿ ಅಲ್ಲಿ ದಾರಿ ಇರುವುದಿಲ್ಲ. ನಕಾಶೆಯಲ್ಲಿ ವರ್ಷವಿಡೀ ಎಂದು ಬರೆದದ್ದು ನನ್ನ ತಪ್ಪು, ಊರವರದಲ್ಲ.’

ಕಾಶೀಂಬಿಯ ಒಣಗಿದ ತುಟಿಯ ಒಂದು ಬದಿ ನಕ್ಕಿತು.

“ಎರಡ ಸಾಲ ಬರಿಯಾಕ ಹದಿನಾಕ ವರ್ಷ ಹಿಡೀತಲ್ಲೋ ಫಕೀರ್ಯಾ. ಸಾಲ್ಯಾಗೂ ನೀ ಹಿಂಗ ಇದ್ದಿ.”

ಅದೇ ಅವಳ ಕೊನೆಯ ಪೂರ್ತಿ ಮಾತು. ಮಧ್ಯಾಹ್ನದ ನಮಾಜಿನ ಹೊತ್ತಿಗೆ ಅವಳು ಹೋದಳು.

ಬೆಳಿಗ್ಗೆಯೇ ಅಣೆಕಟ್ಟಿನಿಂದ ನೀರು ಬಿಟ್ಟಿದ್ದರು. ಹೊಳೆ ಹಿಂದಕ್ಕೆ ಒತ್ತಿ ಹಳ್ಳ ಉಬ್ಬಿ ನಿಂತಿತ್ತು. ಫಕೀರಸಾಬರು ಶಿವನಪ್ಪನ ಜೊತೆ ದಂಡೆಯವರೆಗೆ ನಡೆದರು. ಬಂಡಿ ದಾಟಿದ್ದನ್ನು ಅವರು ಕಣ್ಣಾರೆ ಕಂಡಿದ್ದ ಜಾಗದಲ್ಲಿ ಒಂದು ಜಾಲಿಗಿಡದ ತುದಿಯಷ್ಟೇ ನೀರ ಮೇಲೆ ನಡುಗುತ್ತಿತ್ತು. ಆಚೆಗೆ, ಕಬ್ರಸ್ತಾನದ ಬೇವಿನ ಮರಗಳು ಸೊಂಟದವರೆಗೆ ನೀರಲ್ಲಿ ನಿಂತಿದ್ದವು. ಅಲ್ಲೆಲ್ಲೋ ಅವಳ ಗಂಡ ಇದ್ದ.

ಹಿಂದೆ ಬಂದ ಹುಡುಗರು ಹಗ್ಗ ಕಟ್ಟಿ ದಾಟಿಸೋಣ ಎಂದರು. ಸರಕಾರಿ ನೆಲದಲ್ಲೇ ಅಗೆದುಬಿಡೋಣ, ಕೇಸು ಆದರೆ ಆಗಲಿ ಎಂದರು ಕೆಲವರು. ಕೊನೆಗೆ ಎಲ್ಲರೂ ಫಕೀರಸಾಬರ ಮುಖ ನೋಡಿದರು.

“ನೀರಾಗ ಬ್ಯಾಡ. ಆಕಿ ಹೇಳ್ಯಾಳ,” ಎಂದರು ಅವರು. “ಕದ್ದೂ ಬ್ಯಾಡ. ಕದ್ದ ನೆಲದಾಗ ನನ್ನ ಅಕ್ಕನ್ನ ನಾ ಇಡೂದಿಲ್ಲ.”

ಹಾಗೆ ಕಾಶೀಂಬಿಯನ್ನು ಶಿವನಪ್ಪನ ಟ್ರ್ಯಾಕ್ಟರಿನಲ್ಲಿ, ಮೇಲೆ ತಾಡಪಾಲು ಹೊದಿಸಿ, ಹೊಳೆಆಲೂರಿಗೆ ಒಯ್ದರು. ಅಲ್ಲಿಯ ಜನ ಒಳ್ಳೆಯವರು. ಮೂಲೆಯಲ್ಲಿ ಜಾಗ ಕೊಟ್ಟರು, ತಾವೇ ಅಗೆದರು. ಒಣ ಮಣ್ಣು ಸಿಕ್ಕಿತು. ಅವಳ ಊರಿನದಲ್ಲ. ಜಬೀನ ಟ್ರ್ಯಾಕ್ಟರಿನ ಹಿಂದೆ ಊರ ಅಗಸೆಯವರೆಗೆ ಓಡಿ, ಅಲ್ಲಿ ಮುದುಕವ್ವನ ಹೆಗಲಿಗೆ ಒರಗಿದ್ದಳು. ತಾಯಿ ಹದಿನಾರು ಕಿಲೋಮೀಟರು ದೂರದ ಮಣ್ಣಿಗೆ ಹೋದಳು.

ಸಂಜೆ ಶಿವನಪ್ಪನ ಕೈಗೆ ಪತ್ರ ಕೊಡುವಾಗ ಅದು ದಾರಿಯ ಮಳೆಯಲ್ಲಿ ಒದ್ದೆಯಾಗಿತ್ತು. ಶಿವನಪ್ಪ ಮನೆಗೆ ಒಯ್ದು ಬೆಚ್ಚಗಿನ ರೊಟ್ಟಿಹಂಚಿನ ಮೇಲೆ ಹರವಿ ಒಣಗಿಸಿದ. ಅಕ್ಷರ ಹರಡಿದ್ದರೂ ಸಹಿ ಉಳಿದಿತ್ತು.

ಭಾನುವಾರ ಹುಬ್ಬಳ್ಳಿಯ ಬಸ್ಸು ಸಾನಿಯಾ ಇಲ್ಲದೆ ಹೋಯಿತು. ಅವಳು ಕಟ್ಟನ್ನು ರಬ್ಬರ್ ಬ್ಯಾಂಡು ಹಾಕಿ ಕಪಾಟಿನಲ್ಲಿಡುವಾಗ ಗೋರಿಯ ಕಾರ್ಡು ಅದರೊಳಗೇ ಇತ್ತು.

ಕಚೇರಿಯವರು ಬಂದು ಹಳ್ಳ ನೋಡಿದರು. ನೀರು ಇಳಿದಿರಲಿಲ್ಲವಾದ್ದರಿಂದ ಬಹಳ ಮಾತು ಬೇಕಾಗಲಿಲ್ಲ. ದೀಪಾವಳಿಯ ಮುಂದೆ ಇಪ್ಪತ್ತು ಗುಂಟೆಗೆ ಆದೇಶ ಬಂತು, ಅರ್ಧ ಸ್ಮಶಾನಕ್ಕೆ, ಅರ್ಧ ಕಬ್ರಸ್ತಾನಕ್ಕೆ. ಗಡಿ ಹಾಕುವ ದಿನ ಶಿವನಪ್ಪ ಫಕೀರಸಾಬರನ್ನು ಕರೆಸಿದ. ಹೊಸ ಮೋಜಣಿದಾರಳು ಸಣ್ಣ ವಯಸ್ಸಿನ ಹುಡುಗಿ. ಕೋಲಿನ ತುದಿಗೆ ಬಿಳಿಯ ಯಂತ್ರ ಕಟ್ಟಿಕೊಂಡು ಬಂದು ಅರ್ಧ ತಾಸಿನಲ್ಲಿ ನಾಲ್ಕು ಮೂಲೆ ಗುರುತಿಸಿದಳು.

ಹೊಳೆಮುತ್ತಲಕ್ಕೆ ಹೊರಡುವ ಮುನ್ನ ಫಕೀರಸಾಬರು ರೋಣದ ಮೌಲವಿಗಳನ್ನು ಒಂದು ಮಾತು ಕೇಳಿದ್ದರು: ಹೂತವರನ್ನು ತೆಗೆದು ತಮ್ಮೂರ ನೆಲಕ್ಕೆ ತರಬಹುದೇ ಎಂದು. “ಮಲಗಿದವ್ರನ್ನ ಎಬ್ಬಸಬಾರದ್ರಿ,” ಎಂದಿದ್ದರು ಅವರು. ಅಲ್ಲಿಗೆ ಆ ಮಾತು ಮುಗಿದಿತ್ತು.

“ನೋಡ ಫಕೀರಾ, ನನಗ ಆ ಮೂಲಿ,” ಎಂದು ಮುದುಕವ್ವ ಕೋಲು ತೋರಿಸಿದಳು. “ನಿನ್ನ ಅಕ್ಕಗ ನಡುವಿನ ಗಡಿ ಈ ಕಡೆ ಜಾಗಾ ಹಿಡದಿದ್ದೆ, ಬಾಜೂಕ ಬಾಜೂಕ. ಎಲ್ಲಿ ಹೋಗಿ ಕುಂತ್ಳೋ.” ಅವಳು ಕೋಲಿನ ತುದಿಯಿಂದ ಆ ಖಾಲಿ ಜಾಗವನ್ನೊಮ್ಮೆ ತಟ್ಟಿದಳು.

ಕಲ್ಲು ನೆಡಲು ಕುಣಿ ತೋಡಿದ್ದರು. ಫಕೀರಸಾಬರು ಜಬೀನಳನ್ನು ಪಕ್ಕಕ್ಕೆ ಕರೆದರು.

“ನಿಮ್ಮವ್ವನ ಒಲ್ಯಾಗಿನ ಇದ್ದಿಲು ಇನ್ನೂ ಅದಾವೇನವ್ವಾ?”

ಜಬೀನ ಗ್ಯಾಸು ತಂದಿದ್ದರೂ ಕಾಶೀಂಬಿ ಹಾಸಿಗೆ ಹಿಡಿಯುವವರೆಗೂ ಹಿತ್ತಲ ಒಲೆಯಲ್ಲೇ ರೊಟ್ಟಿ ಬಡಿದವಳು. ಆ ಒಲೆಯ ಮೇಲೆ ಯಾರೂ ಕೈ ಆಡಿಸಿರಲಿಲ್ಲ. ಜಬೀನ ಹೋಗಿ ಸೆರಗಿನಲ್ಲಿ ತಂದಳು. ಅಕ್ಕ ಕೊನೆಯ ಸಲ ಹೊತ್ತಿಸಿ, ನೀರು ಚಿಮುಕಿಸಿ ಆರಿಸಿಟ್ಟ ಇದ್ದಿಲು.

ಫಕೀರಸಾಬರು ಮೊಣಕಾಲೂರಿ ಅದನ್ನು ಕುಣಿಯ ತಳದಲ್ಲಿ ಹರವಿದರು. ಯಂತ್ರದ ಹುಡುಗಿ ಕುತೂಹಲದಿಂದ ಬಗ್ಗಿ ನೋಡಿದಳು.

“ಅದ್ಯಾಕ್ರಿ ಅಜ್ಜಾರ?”

“ಗುರ್ತಿಗೆ,” ಎಂದರು ಅವರು. ಅಂಗೈ ಕಪ್ಪಾಗಿತ್ತು. ಒರೆಸಿಕೊಳ್ಳದೆ ಕಲ್ಲಿಗೆ ಕೈ ಹಚ್ಚಿ, ಅದು ನೆಟ್ಟಗೆ ಕೂರುವವರೆಗೆ ಹಿಡಿದು ನಿಂತರು.